ನಾಲ್ಕು ಸೀಟಿನ ಒಂದು ಹಳೆಯ ವಿಮಾನ

ಹಳೆಯ ವಿಮಾನ ಕೊಳ್ಳಬೇಕೆಂದಿರುವವರು ಆಗಾಗ ನನಗೆ ಫೋನ್ ಮಾಡುತ್ತಾರೆ. ನನ್ನ ಬಳಿ ವಿಮಾನವಿಲ್ಲ. ಒಂದು ಕಾಲದಲ್ಲಿ ಕೊಳ್ಳಲು ಹೊರಟಿದ್ದವನು ಎಂಬುದಷ್ಟೇ ನನ್ನ ಅರ್ಹತೆ. ಈಚೆಗೆ ನಿಫಾಡ್ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ಕೇಳಿದಾಗ ಎಂದಿನಂತೆ ಹೇಳಿದೆ: ಬಣ್ಣ ನೋಡಿ ಮರುಳಾಗಬೇಡಿ. ಮಾರುವವರು ತೋರಿಸಿದ ಎಂಜಿನಿಯರನ್ನು ಬಿಟ್ಟು ನಿಮ್ಮವರೇ ಒಬ್ಬರನ್ನು ಕರೆದೊಯ್ಯಿರಿ. ಒಟ್ಟು ಎಷ್ಟು ಗಂಟೆ ಹಾರಿದೆ ಎನ್ನುವ ಮೊದಲು, ಹೋದ ವರ್ಷ ಎಷ್ಟು ಸಲ ಹಾರಿತು ಎಂದು ಕೇಳಿ. ಹಾರಲು ಯೋಗ್ಯವೆಂಬ ಸರ್ಟಿಫಿಕೇಟು ಚಾಲ್ತಿಯಲ್ಲಿದೆಯೇ ನೋಡಿ. ನಿಲ್ಲಿಸಲು ಜಾಗ ಗೊತ್ತುಮಾಡಿಕೊಳ್ಳದೆ ಮಾತು ಕೊಡಬೇಡಿ. ಹಾರಲಿ, ಬಿಡಲಿ, ವಿಮಾನ ಖರ್ಚು ಕೇಳುತ್ತಲೇ ಇರುತ್ತದೆ.

ಅವರು ಉಪಕಾರವಾಯಿತೆಂದರು. ಫೋನಿಟ್ಟ ಮೇಲೆ ನನಗೆ ಮುಜುಗರವಾಯಿತು. ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಆದರೆ ನಾನು ವಿಮಾನ ಕೊಳ್ಳಲು ಹೊರಟದ್ದು ಏಕೆ ಎಂಬುದು ಅದರಲ್ಲಿ ಎಲ್ಲೂ ಬರುವುದಿಲ್ಲ. ಅದನ್ನು ಬರೆದು ನೋಡುತ್ತೇನೆ. ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆಂದು ಗೊತ್ತಿರುವುದರಿಂದ, ಖಾತ್ರಿಯಿಲ್ಲದ ಕಡೆ ಖಾತ್ರಿಯಿಲ್ಲ ಎಂದೇ ಬರೆಯುತ್ತೇನೆ.

ನಾಸಿಕದಲ್ಲಿ ಪಂಚವಟಿಗೆ ಹೋಗುವ ರಸ್ತೆಯಲ್ಲಿ ನಮ್ಮ ಹೋಟೆಲಿದೆ. ಕುಂದಾಪುರದ ಕಡೆಯಿಂದ ಬಂದ ಅಪ್ಪ ಶುರುಮಾಡಿದ್ದು. ನಾನು ಧಾರವಾಡದಲ್ಲಿ ಎಂ.ಎ. ಓದಿ, ಜೊತೆಗೆ ಓದಿದವಳನ್ನೇ ಮದುವೆಯಾಗಿ, ಇಲ್ಲಿ ಬಂದು ಗಲ್ಲಾಪೆಟ್ಟಿಗೆಯ ಮುಂದೆ ಕೂತೆ. ಐವತ್ತು ದಾಟಿದ ಮೇಲೆ ವಿಮಾನ ಹಾರಿಸುವುದನ್ನು ಕಲಿತು ಖಾಸಗಿ ಪೈಲಟ್ ಲೈಸೆನ್ಸ್ ಪಡೆದೆ. ಯಾಕೆ ಎಂದು ಕೇಳಿದರೆ ಈಗ ನನ್ನ ಬಳಿ ಎರಡು ಮೂರು ಚಂದದ ಉತ್ತರಗಳಿವೆ. ಯಾವುದು ಆಗಲೇ ಇತ್ತು, ಯಾವುದು ಆಮೇಲೆ ಹುಟ್ಟಿತು ಹೇಳಲಾರೆ.

ಹೆಂಡತಿ ಮಗಳ ಬಾಣಂತನಕ್ಕೆಂದು ಸಂಭಾಜಿನಗರಕ್ಕೆ ಹೋದವಳು ಅಲ್ಲೇ ಉಳಿದಳು. ಜಗಳವೇನೂ ಆಗಿರಲಿಲ್ಲ. ಮಗುವಿಗೆ ಕೂರಲು ಬರಲಿ ಎಂದಾಯಿತು, ಮಗಳು ಕೆಲಸಕ್ಕೆ ಮರಳಲಿ ಎಂದಾಯಿತು, ಆಮೇಲೆ ಯಾರೂ ಏನೂ ಹೇಳಲಿಲ್ಲ. ಮಗಳ ಮನೆಯ ಪಕ್ಕದಲ್ಲಿ ದೊಡ್ಡ ಕಟ್ಟಡವೊಂದು ಏಳುತ್ತಿತ್ತು. ಅಲ್ಲಿ ದುಡಿಯಲು ಕಲಬುರಗಿ, ಯಾದಗಿರಿ ಕಡೆಯಿಂದ ಬಂದವರ ಮಕ್ಕಳನ್ನು ಮಧ್ಯಾಹ್ನದ ಹೊತ್ತು ಕೂರಿಸಿಕೊಂಡು ಹೆಂಡತಿ ಓದು ಬರಹ ಹೇಳಿಕೊಡತೊಡಗಿದ್ದಳು. ಫೋನಿನಲ್ಲಿ ಆ ಮಕ್ಕಳ ಮಾತನ್ನೇ ಹೆಚ್ಚು ಆಡುತ್ತಿದ್ದಳು.

ನಾನು ಹೋಟೆಲಿನ ಊಟವನ್ನೇ ಡಬ್ಬಿಯಲ್ಲಿ ತಂದು ಮನೆಯಲ್ಲಿ ಉಣ್ಣುತ್ತಿದ್ದೆ. ನಮ್ಮ ಹೋಟೆಲಿನಲ್ಲಿ ನಾಲ್ಕು ಜನರ ಟೇಬಲಿಗೆ ಒಬ್ಬನೇ ಬಂದು ಕೂತರೆ ಸುಮ್ಮನೆ ಬಿಡುವುದಿಲ್ಲ. ‘ಜರಾ ಶೇರ್ ಕರಾ ಸಾಹೇಬ್’ ಎಂದು ಗುರುತಿಲ್ಲದ ಇಬ್ಬರನ್ನು ಎದುರಿಗೆ ಕೂರಿಸಿಬಿಡುತ್ತೇವೆ. ಮನೆಯ ಟೇಬಲಿಗೆ ಆ ಉಪಾಯ ನಡೆಯುವುದಿಲ್ಲ. ರೇಡಿಯೋ ಹಚ್ಚಿಡುತ್ತಿದ್ದೆ.

ವಿಮಾನದ ಯೋಚನೆ ಬಂದದ್ದು ಹೀಗೆ. ಯೇವಲಾ, ವೈಜಾಪುರ ದಾಟಿ ಸಂಭಾಜಿನಗರ ಮುಟ್ಟಲು ಅರ್ಧ ದಿನ ತಿನ್ನುವ ರಸ್ತೆ ಆಕಾಶದಲ್ಲಿ ಎಷ್ಟರದು? ನಮ್ಮ ಓಝರ್ ವಿಮಾನ ನಿಲ್ದಾಣದಲ್ಲಿ ಎದ್ದು ಅಲ್ಲಿಯ ಚಿಕಲ್‌ಠಾಣಾದಲ್ಲಿ ಇಳಿದರಾಯಿತು. ಬೇಕೆಂದಾಗ ಹೋಗಬಹುದು. ಅವಳನ್ನು ಪಕ್ಕದಲ್ಲಿ, ಮಗಳನ್ನೂ ಮೊಮ್ಮಗಳನ್ನೂ ಹಿಂದೆ ಕೂರಿಸಿಕೊಂಡು, ಗುಹಾದೇವಾಲಯಗಳಿರುವ ವೇರೂಳದ ಗುಡ್ಡದ ಮೇಲೆ ಒಂದು ಸುತ್ತು ಹಾಕಬಹುದು. ಹಾಗೆ ಹಾರಿದವಳು ವಾಪಸು ಬರುವಾಗ ನಾಸಿಕದಲ್ಲೇ ಇಳಿಯಬಹುದು. ಈ ಕೊನೆಯದನ್ನು ಯಾರಿಗೂ ಹೇಳಿರಲಿಲ್ಲ. ಅನುಮತಿ, ಹವಾಮಾನ, ನಿಲ್ದಾಣದವರೆಗಿನ ದಾರಿ ಎಲ್ಲ ಕೂಡಿಸಿದರೆ ಬಸ್ಸಿಗಿಂತ ಬೇಗ ತಲುಪುವುದಿಲ್ಲವೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು ಎಂದೇ ತೋರುತ್ತದೆ.

ಮಾರಾಟಕ್ಕಿದ್ದ ವಿಮಾನ ಸಂಭಾಜಿನಗರದಲ್ಲೇ ಸಿಕ್ಕಿತು. ಮೂಳೆ ಡಾಕ್ಟರೊಬ್ಬರದು. ಅವರಿಗೆ ಎಪ್ಪತ್ತು ದಾಟಿತ್ತು. ಕಣ್ಣು ಮಂಜಾಗಿ, ಹಾರಿಸುವ ಪರವಾನಗಿ ಹೋಗಿ ಬಹಳ ದಿನವಾಗಿತ್ತು. ಹ್ಯಾಂಗರಿನಲ್ಲಿ ಅವರು ಹೊದಿಕೆ ಸರಿಸಿದಾಗ ಬಿಳಿ ಮೈ, ನೀಲಿ ಪಟ್ಟಿ, ಒಂದು ಗೀರಿಲ್ಲ. ಬಾಗಿಲು ತೆರೆದು ಹಿಂದಿನ ಸೀಟು ತೋರಿಸಿದರು.

“ಬಘಾ ಅಣ್ಣಾ, ಏಕದಮ್ ಕೋರಾ!”

ಹೊಚ್ಚ ಹೊಸದು ಎಂದರ್ಥ. ಸೀಟುಗಳಿಗೆ ಹೊಸ ಬಟ್ಟೆ ಹಾಕಿಸಿದ್ದರು. ಅದರ ಮೇಲಿನ ಪ್ಲಾಸ್ಟಿಕ್ ಹಾಗೇ ಇತ್ತು. ನನ್ನ ಮನಸ್ಸು ಆ ಪ್ಲಾಸ್ಟಿಕ್ಕಿಗೆ ಸೋತಿತು. ಹೋಟೆಲಿನವರು ಗ್ರೈಂಡರು, ಫ್ರಿಜ್ಜು ಯಾವುದನ್ನು ಹಳೆಯದಾಗಿ ಕೊಂಡರೂ ‘ಕಡಿಮೆ ಬಳಸಿದ್ದು’ ಎಂಬ ಮಾತಿಗೆ ಕಿವಿ ನಿಮಿರಿಸುತ್ತೇವೆ.

ಆಮೇಲೆ ಎಷ್ಟೋ ಭಾನುವಾರ ಹೋದೆ. ಬಸ್ ಸ್ಟ್ಯಾಂಡಿನಿಂದ ರಿಕ್ಷಾ ಹಿಡಿದು ನೇರ ಹ್ಯಾಂಗರಿಗೆ. ಡಾಕ್ಟರು ಬಟ್ಟೆ ಹಿಡಿದು ರೆಕ್ಕೆ ಒರೆಸುತ್ತ ಹಳೆಯ ಹಾರಾಟದ ಕಥೆ ಹೇಳುವರು. ಮನೆಯಲ್ಲಿ ಕೇಳುವವರು ಯಾರೂ ಇರಲಿಲ್ಲವೆಂದು ತೋರುತ್ತದೆ. ನನಗೂ ಕೇಳುವ ಆತುರವೇ ಇತ್ತು. ಮಗಳ ಮನೆಗೆ ಹೋಗುವಷ್ಟರಲ್ಲಿ ಹಿಂದಿರುಗುವ ಬಸ್ಸಿನ ಹೊತ್ತಾಗಿರುತ್ತಿತ್ತು. ಕೆಲವು ಸಲ ಹೋಗಲೇ ಇಲ್ಲ. ಒಂದೆರಡು ಸಲ ಎಂದು ನನ್ನ ನೆನಪು; ಅದಕ್ಕಿಂತ ಹೆಚ್ಚು ಎನ್ನುತ್ತಾಳೆ ಮಗಳು.

ಒಂದು ಭಾನುವಾರ ತಟ್ಟೆಗೆ ಅನ್ನ ಬಡಿಸುತ್ತ ಹೆಂಡತಿ ಕೇಳಿದಳು, “ಅಲ್ರೀ, ಆ ಇಮಾನ ಯಾಕ ತಗೊಳ್ಳಾಕತ್ತೀರಿ?”

“ಇಲ್ಲಿಗೆ ಬರ್ಲಿಕ್ಕೆ ಮಾರಾಯ್ತಿ. ಮತ್ತೆಂತಕ್ಕೆ?”

“ಬಸ್ಸಿನ್ಯಾಗ ಬಂದಿದ್ರ ಇಷ್ಟೊತ್ತಿಗೆ ನಾಕ ಸಲ ಬಂದು ಹೋಗಿರ್ತಿದ್ರಿ.”

“ಬಸ್ಸಲ್ಲೇ ಅಲ್ವಾ ಬಂದದ್ದು ಈಗ?”

“ನೀವು ಬಂದದ್ದು ಡಾಕ್ಟರ್ ಕಡೆ. ನಮ್ಮನಿ ದಾರ್‍ಯಾಗ ಇತ್ತು.”

ಮಗಳು ನಕ್ಕಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಆಡುವಾಗ ತೊಡರುತ್ತದೆ. “ಪಪ್ಪಾ, ಆಯಿ ಬರೋಬರ್ ಹೇಳ್ತಾಳೆ ನಾ,” ಎಂದಳು. ನಾನೂ ನಕ್ಕೆ. ಹೆಂಡತಿ ನಕ್ಕಳೋ ಇಲ್ಲವೋ ನೋಡಲಿಲ್ಲ.

ಕೊನೆಗೆ ವಿಮಾನದ ಪರೀಕ್ಷೆಯ ದಿನ ಬಂತು. ನನ್ನ ಕಡೆಯ ಎಂಜಿನಿಯರು ಬೆಳಗಾವಿಯವರು, ಚಿಕ್ಕ ವಿಮಾನಗಳ ಕೆಲಸದಲ್ಲೇ ನಿವೃತ್ತರಾದವರು. ನಮ್ಮ ಹೋಟೆಲಿನ ಖಾಯಂ ಗಿರಾಕಿ. ದಿನಾ ಸಾಂಬಾರಿಗೆ ಬೈದು ಎರಡನೇ ಸಲ ಹಾಕಿಸಿಕೊಳ್ಳುವವರು. ನಾನು ಉತ್ಸಾಹದಿಂದ ಹಿಂದಿನ ಸೀಟು ತೋರಿಸಿದೆ.

“ಪ್ಲಾಸ್ಟಿಕ್ ಬಿಚ್ಚಿಲ್ಲ ಅಂದ್ರ ಯಾರೂ ಕೂತಿಲ್ಲ,” ಎಂದರು ಅವರು. “ಯಾರೂ ಕೂತಿಲ್ಲ ಅಂದ್ರ ಇದು ಹಾರಿಲ್ಲ. ಇದ್ರಾಗ ಖುಷಿ ಪಡೂದೇನೈತಿ ಅಣ್ಣಾ?”

“ಸವೆದಿಲ್ಲ ಅಂತ.”

“ನಿಮ್ಮ ಹಿಟ್ಟು ರುಬ್ಬೋ ಗ್ರೈಂಡರ್ ಅಲ್ರೀ ಇದು.”

ವಿಮಾನ ಹಾರದೆ ನಿಂತರೆ ಎಂಜಿನ್ನಿನ ಎಣ್ಣೆಯೆಲ್ಲ ಕೆಳಗಿಳಿದು, ಮೇಲಿನ ಭಾಗಗಳು ಒಣಗಿ ತುಕ್ಕು ಹಿಡಿಯುತ್ತವೆ. ಹೊರಗಿನಿಂದ ಅದು ಕಾಣುವುದಿಲ್ಲ ಎಂದು ವಿವರಿಸಿದರು. ಬಳಸಿ ಸವೆದದ್ದಕ್ಕಿಂತ ನಿಂತು ಕೆಟ್ಟದ್ದು ಅಪಾಯ. ಡಾಕ್ಟರ ಒಪ್ಪಿಗೆ ಕೇಳಿ ಒಂದು ಸಿಲಿಂಡರ್ ಬಿಚ್ಚತೊಡಗಿದರು. ಹೋಟೆಲು ಕೊಳ್ಳುವಾಗ ಮೊದಲು ಪಾತ್ರೆ ತೊಳೆಯುವ ಜಾಗ ನೋಡು, ಹಾಲ್ ಆಮೇಲೆ ನೋಡು ಎಂದು ಅಪ್ಪ ಕಲಿಸಿದ್ದರು. ಇಲ್ಲಿ ನಾನು ಹಾಲ್ ನೋಡಿಯೇ ತಿಂಗಳುಗಟ್ಟಲೆ ಕನಸು ಕಂಡಿದ್ದೆ.

ಕೆಲಸ ನಡೆದಿರುವಾಗ ಹೆಂಡತಿ ಬುತ್ತಿ ತೆಗೆದುಕೊಂಡು ಬಂದಳು. ಒಮ್ಮೆ ನೋಡಬೇಕೆಂದು ಅವಳೇ ಹೇಳಿದ್ದಳು; ಡಾಕ್ಟರು ಒಳಗೆ ಬರಲು ಪಾಸು ಮಾಡಿಸಿದ್ದರು. ಸೀರೆಯ ನೆರಿಗೆ ಎತ್ತಿ ಹಿಡಿದು ರೆಕ್ಕೆಯ ಮೇಲೆ ಕಾಲಿಟ್ಟು ಹತ್ತಿದಳು. ನಾನು ಮುಂದಿನ ಬಲಗಡೆಯ ಸೀಟು ತೋರಿಸಿದೆ.

“ನಾ ಹಿಂದ ಕೂಡ್ತೀನಿ,” ಎಂದಳು.

“ಮುಂದೆ ಕೂತ್ರೆ ಎಲ್ಲ ಕಾಣ್ತದೆ.”

“ನೀವು ನಡಸ್ರಿ. ನಾ ಇಲ್ಲೇ ಬೇಷ್ ಅದೀನಿ.”

ಅವಳು ಕೂತಾಗ ಪ್ಲಾಸ್ಟಿಕ್ ಚರಚರ ಎಂದಿತು. ನಾನು ಎಡಗಡೆಯ ಸೀಟಿನಲ್ಲಿ ಕೂತೆ. ನಮ್ಮೆದುರು ಹ್ಯಾಂಗರಿನ ತಗಡಿನ ಗೋಡೆ. ಯೋಚಿಸಿಟ್ಟುಕೊಂಡ ಮಾತುಗಳು ಬಹಳ ಇದ್ದವು. ಬೆನ್ನ ಹಿಂದಿರುವವಳಿಗೆ ಅವನ್ನು ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಕತ್ತು ಹೊರಳಿಸಿದರೆ ಅವಳ ಮೊಣಕಾಲು, ಮಡಿಲಲ್ಲಿದ್ದ ಡಬ್ಬಿ ಇಷ್ಟೇ ಕಾಣುತ್ತಿತ್ತು.

“ಇಲ್ಲಿಂದ ಕೆಳಗಿಂದೇನೂ ಕಾಣೂದಿಲ್ರೀ. ರೆಕ್ಕಿ ಅಡ್ಡ ಬರ್ತೈತಿ,” ಎಂದಳು.

ವೇರೂಳದ ಮಾತನ್ನು ನಾನು ಆಡಲಿಲ್ಲ.

ಅಷ್ಟರಲ್ಲಿ ಎಂಜಿನಿಯರು ಕರೆದರು. ಸಿಲಿಂಡರ್ ತೆಗೆದ ಜಾಗದೊಳಗೆ ಟಾರ್ಚ್ ಬಿಟ್ಟು ತೋರಿಸಿದರು. ಹೊಳೆಯಬೇಕಾದ ಕಬ್ಬಿಣದ ಮೇಲೆ ಕಂದು ಕಲೆ, ಸಣ್ಣ ಸಣ್ಣ ಗುಳಿ. “ಇದನ್ನ ನಂಬಿ ಮನಿ ಮಂದಿನ್ನ ಕೂಡ್ರಸಬ್ಯಾಡ್ರಿ,” ಎಂದರು. ಎಂಜಿನ್ನು ಪೂರ್ತಿ ಬಿಚ್ಚಿ ಕಟ್ಟುವ ಖರ್ಚಿನಲ್ಲಿ ಇನ್ನೊಂದು ವಿಮಾನವೇ ಬರುತ್ತದೆಂದರು. ಡಾಕ್ಟರು ತಾವೂ ಬಗ್ಗಿ ನೋಡಿದರು. ಅವರಿಗೆ ಎಷ್ಟು ಕಂಡಿತೋ ಗೊತ್ತಿಲ್ಲ.

“ದರ್ ರವಿವಾರೀ ಮೀ ಪುಸತ್ ಹೋತೋ ನಾ,” ಎಂದರು. ಪ್ರತಿ ಭಾನುವಾರ ಒರೆಸುತ್ತಿದ್ದೆನಲ್ಲ ಎಂದು. ನನ್ನ ಹೆಂಡತಿ ಡಬ್ಬಿ ತೆರೆದು ಮೊದಲು ಅವರಿಗೆ ಬಡಿಸಿದಳು.

ಊಟವಾದ ಮೇಲೆ ನಾವಿಬ್ಬರೂ ರಿಕ್ಷಾದಲ್ಲಿ ಮಗಳ ಮನೆಗೆ ಬಂದೆವು. ಅಡುಗೆಮನೆಯಲ್ಲಿ ಹೆಂಡತಿ ಡಬ್ಬಿ ತೊಳೆಯುತ್ತಿದ್ದಳು, ನಾನು ಬಾಗಿಲಲ್ಲಿ ನಿಂತಿದ್ದೆ. ತೆಗೆದುಕೊಳ್ಳುವುದಿಲ್ಲ ಎಂದು ಡಾಕ್ಟರಿಗೆ ಹೇಳಿ ಬಂದೆ ಎಂದೆ.

“ಹಂಗಾರ ಇನ್ನ ಬರೂದಿಲ್ಲೇನು?” ಎಂದು ಕೇಳಿದಳು.

ಅವಳು ತಿರುಗಲಿಲ್ಲ, ನಲ್ಲಿ ನೀರು ಹರಿಯುತ್ತಿತ್ತು. ಆ ಧ್ವನಿಯನ್ನು ಎಷ್ಟೋ ಸಲ ನೆನಪಿಸಿಕೊಂಡಿದ್ದೇನೆ. ಒಮ್ಮೆ ಅದು ನೋವಾಗಿ ಕೇಳುತ್ತದೆ, ಒಮ್ಮೆ ಚೇಷ್ಟೆಯಾಗಿ. ಒಮ್ಮೊಮ್ಮೆ, ಭಾನುವಾರ ಅನ್ನಕ್ಕೆ ಎಷ್ಟು ಅಕ್ಕಿ ಹಾಕಲಿ ಎಂದು ವಿಚಾರಿಸಿದಂತೆಯೂ ಕೇಳುತ್ತದೆ. ನಾನು ಏನು ಹೇಳಿದೆ? “ಬರ್ತೇನೆ ಮಾರಾಯ್ತಿ” ಎಂದೆನೆಂಬುದು ಒಂದು ನೆನಪು. “ನೀನು ಬರುವುದಿಲ್ವಾ?” ಎಂದು ತಿರುಗಿ ಕೇಳಿದೆನೆಂಬುದು ಇನ್ನೊಂದು. ಎರಡನೆಯದನ್ನು ನಾನು ಆಮೇಲೆ ಸೇರಿಸಿಕೊಂಡಿರಬೇಕು. ಕೇಳಿದ್ದರೆ ಉತ್ತರವೊಂದು ಸಿಕ್ಕಿರುತ್ತಿತ್ತು, ಅದಾದರೂ ನೆನಪಿರುತ್ತಿತ್ತು. ನೆನಪಿರುವುದು ಇಷ್ಟು: ಕೆಳಗಿನಿಂದ ಮಕ್ಕಳು “ಟೀಚರ್‍ರೀ, ಬರ್ರಿ” ಎಂದು ಕೂಗಿದರು. ಅವಳು ಕೈ ಒರೆಸಿಕೊಂಡು, ಸೀಮೆಸುಣ್ಣದ ಡಬ್ಬಿ ಹಿಡಿದು ಇಳಿದು ಹೋದಳು.

ಈಗ ನಾನು ಗುರುವಾರ ಹೋಗುತ್ತೇನೆ, ಬಸ್ಸಿನಲ್ಲಿ. ಅಂದು ಹೋಟೆಲು ಸೋದರಳಿಯ ನೋಡಿಕೊಳ್ಳುತ್ತಾನೆ. ಅವಳು ಜೋಳದ ರೊಟ್ಟಿ ಮಾಡಿರುತ್ತಾಳೆ. ನಾಸಿಕದ ಮನೆಯ ತುಳಸಿಗೆ ನೀರು ಹಾಕುತ್ತೀರಾ, ಮೇಲಿನ ಟ್ಯಾಂಕು ತೊಳೆಸಿದಿರಾ ಎಂದೆಲ್ಲ ಕೇಳುತ್ತಾಳೆ. ಆಮೇಲೆ ಮಕ್ಕಳು ಕೂಗುತ್ತಾರೆ. ಬಾಲ್ಕನಿಯಿಂದ ನೋಡಿದರೆ ಮರಳಿನ ರಾಶಿಯ ಪಕ್ಕದಲ್ಲಿ, ಹಸಿರು ಪರದೆಯ ನೆರಳಿನಲ್ಲಿ ಅವರೆಲ್ಲ ಸುತ್ತ ಕೂತಿರುತ್ತಾರೆ. ಅವಳ ತಲೆಯ ನಡುಬೈತಲೆ, ಬಗ್ಗಿದ ಭುಜ ಕಾಣುತ್ತದೆ. ಮೇಲಿನಿಂದ ನೋಡಿದರೆ ವಯಸ್ಸು ತಿಳಿಯುವುದಿಲ್ಲ. ಧಾರವಾಡದ ಲೈಬ್ರರಿಯಲ್ಲಿ ಪುಸ್ತಕದ ಮೇಲೆ ಬಗ್ಗಿದ್ದವಳು ಹೀಗೇ ಇದ್ದಳೆನ್ನಿಸುತ್ತದೆ, ಅದೂ ನನ್ನ ಕಲ್ಪನೆಯಿರಬಹುದು. ಒಂದಕ್ಷರ ತಪ್ಪಿದ ಮಗುವಿನ ಕೈ ಹಿಡಿದು ಮತ್ತೆ ತಿದ್ದಿಸುತ್ತಾಳೆ. ಮೇಲೆ ನೋಡುವುದಿಲ್ಲ. ಬಸ್ಸಿನ ಹೊತ್ತಾಗುವವರೆಗೂ ನಾನು ಅಲ್ಲೇ ನಿಂತಿರುತ್ತೇನೆ.