ಭಟ್ಟರ ಕಂಪ್ಯೂಟರಿಗೆ ಗಂಧಲೇಪನ

ಕೇದಾರ ಘಾಟಿನ ಮೇಲಿನ ಬಂಗಾಲಿ ಟೋಲಾದ ಇಕ್ಕಟ್ಟು ಗಲ್ಲಿಗಳಲ್ಲಿ ಎದುರಿಗೆ ಗೂಳಿ ಬಂದರೆ ಎಲ್ಲರೂ ಗೋಡೆಗೆ ಅಂಟಿಕೊಳ್ಳುತ್ತಿದ್ದರು. ಬದರೀನಾರಾಯಣ ಭಟ್ಟರು ಬಂದರೆ ಗೂಳಿಯೇ ಅಂಟಿಕೊಳ್ಳುತ್ತಿತ್ತು. ಅಂಥ ಮೈಕಟ್ಟು, ಅಂಥ ಕಂಠ. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಪಿಂಡ ಹಾಕಿಸುವ ಮನೆತನದ ಮೂರನೆಯ ತಲೆಮಾರು; ಐವತ್ತೆರಡು ವರ್ಷದಲ್ಲಿ ಯಾರ ಮಾತನ್ನೂ ಕೇಳಿದವರಲ್ಲ. ಇಂಥ ವೀರರು ಎರಡು ಸಾವಿರದ ಐದನೆಯ ಇಸವಿಯ ವೈಶಾಖದಲ್ಲಿ ಅಂಚೆಚೀಟಿಯಷ್ಟಗಲದ ಒಂದು ಕಂಪ್ಯೂಟರ್ ಚಿಪ್ಪಿನ ಮೇಲೆ ದಂಡೆತ್ತಿ ಹೋದರು.

ಕಾರಣ ಸಣ್ಣದಲ್ಲ. ಭಟ್ಟರ ಮನೆಯಲ್ಲಿ ಯಾತ್ರಿಕರ ವಂಶಾವಳಿಯ ದೊಡ್ಡ ಪುಸ್ತಕವೊಂದಿತ್ತು. ಹನ್ನೊಂದು ಊರುಗಳಿಂದ ಯಾರು ಬಂದರು, ಅವರ ಅಪ್ಪ ಯಾರು, ತಾತ ಯಾರು, ಎಲ್ಲವೂ ಅದರಲ್ಲಿ. ಪಿಂಡ ಹಾಕಲು ಬಂದವನಿಗೆ ಮುತ್ತಾತನ ಹೆಸರು ತಿಳಿಯದಿದ್ದರೆ ಭಟ್ಟರು ಪುಟ ತಿರುವಿ ಹೇಳುತ್ತಿದ್ದರು, ಬಂದವನು ಕಣ್ಣೊರೆಸಿಕೊಳ್ಳುತ್ತಿದ್ದ. ಹಿಂದಿನ ಮಳೆಗಾಲದಲ್ಲಿ ಗೆದ್ದಲು ಆ ಪುಸ್ತಕವನ್ನು ಮೊದಲ ಪುಟದಿಂದ ಹಿಡಿದು ಪಾರಾಯಣ ಮುಗಿಸಿತು. ಉಳಿದದ್ದು ರಟ್ಟು.

ಆದರೆ ತಾಯಿ ಸರಸ್ವತಮ್ಮ ಇದ್ದರು. ಸೊಸೆಯಾಗಿ ಬಂದ ವರ್ಷದಿಂದ ಐವತ್ತೈದು ಪಿತೃಪಕ್ಷಗಳಲ್ಲಿ ಮೊದಲು ಮಾವನಿಗೆ, ಆಮೇಲೆ ಗಂಡನಿಗೆ, ಕಡೆಗೆ ಮಗನಿಗೆ ಆ ಪುಸ್ತಕ ಓದಿ ಹೇಳಿದವರು. ಹನ್ನೊಂದೂ ಊರು ಅವರಿಗೆ ಬಾಯಿಪಾಠ. ಒಂದೇ ತೊಡಕು, ಹೇಳಲು ತೊಡಗಿದರೆ ನಡುವೆ ತಡೆಯುವಂತಿಲ್ಲ. ತಡೆದರೆ ಎಳೆ ತಪ್ಪಿ ಮತ್ತೆ ಮೊದಲ ಊರಿನ ಮೊದಲ ಮುದುಕನಿಂದ ಹೊರಡಬೇಕು. ಚೈತ್ರದಲ್ಲಿ ಅವರಿಗೆ ಸಣ್ಣದಾಗಿ ಲಕ್ವ ಹೊಡೆದು ಎಡಗೈ ಸೋತಿತ್ತು. ಇನ್ನೊಮ್ಮೆ ಬಂದರೆ ಹೇಳಲಾಗದು ಎಂದಿದ್ದರು ಡಾಕ್ಟರು. ಅಷ್ಟರೊಳಗೆ ಹೆಸರುಗಳನ್ನು ಇಳಿಸಿಕೊಳ್ಳಬೇಕಿತ್ತು.

ಭಟ್ಟರ ಹೆಂಡತಿ ಅನಂತಲಕ್ಷ್ಮಿ ಇನ್ನೂರು ಪುಟದ ಕಾಪಿ ಪುಸ್ತಕವೊಂದನ್ನು ತಂದು ಮುಂದಿಟ್ಟಳು.

“ಮತ್ತೆ ಗೆದ್ದಲಿಗೆ ನೈವೇದ್ಯವೇನೇ?” ಎಂದರು ಭಟ್ಟರು.

ಗೆದ್ದಲು ಕರೆಂಟು ತಿನ್ನುವುದಿಲ್ಲ ಎಂಬುದು ಅವರ ಸಿದ್ಧಾಂತ. ಗೋದೌಲಿಯಾದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಪ್ರಕಾಶನಿಂದ ಬಿಡಿಭಾಗಗಳನ್ನು ತಂದು, ಅವನು ಬರೆದುಕೊಟ್ಟ ಚಿತ್ರ ನೋಡಿಕೊಂಡು, ಮೂರು ದಿನ ಪಟ್ಟು ಹಿಡಿದು ತಾವೇ ಜೋಡಿಸಿದರು. ಕಡೆಯಲ್ಲಿ ಎರಡು ಸ್ಕ್ರೂ ಉಳಿದವು. ಇವೇನು ಎಂದು ಹೆಂಡತಿ ಕೇಳಿದ್ದಕ್ಕೆ ಪ್ರಸಾದ ಎಂದರು. ಗಾಳಿಯಾಡಲಿ ಎಂದು ಯಂತ್ರವನ್ನು ನದಿಯ ಕಡೆಯ ಕಿಟಕಿಯ ಬಳಿ ಪ್ರತಿಷ್ಠಾಪಿಸಿದರು. ಕಿಟಕಿಯಿಂದ ಹರಿಶ್ಚಂದ್ರ ಘಾಟು ಕಾಣುತ್ತಿತ್ತು.

ಶುಭ ಮುಹೂರ್ತದಲ್ಲಿ ಸರಸ್ವತಮ್ಮ ಮಣೆಯ ಮೇಲೆ ಕುಳಿತು ಮೊದಲ ಊರು ಹೊಸಹಳ್ಳಿಯನ್ನು ಎತ್ತಿಕೊಂಡರು. ಭಟ್ಟರು ಎರಡು ತೋರುಬೆರಳುಗಳಿಂದ ಅಕ್ಷರಗಳನ್ನು ಕುಕ್ಕತೊಡಗಿದರು. ಹನ್ನೆರಡು ನಿಮಿಷಕ್ಕೆ, ಹದಿನೆಂಟನೆಯ ಹೆಸರಿನಲ್ಲಿ, ಪರದೆ ಕಪ್ಪಾಯಿತು. ಕರೆಂಟು ಹೋಗಿರಲಿಲ್ಲ, ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಬರೆದದ್ದನ್ನು ಭಟ್ಟರು ನಡುನಡುವೆ ಸೇವ್ ಒತ್ತಿ ಉಳಿಸಿರಲಿಲ್ಲ. ಒಂದು ಊರಿನ ವಂಶವನ್ನು ಅರ್ಧಕ್ಕೆ ಕಡಿದು ಮುಚ್ಚಿಡುವುದು ಆ ಊರಿನವರಿಗೆ ಒಳ್ಳೆಯದಲ್ಲ ಎಂದು ಅವರ ನಂಬಿಕೆ.

ಮರುದಿನ ಒಂಬತ್ತು ನಿಮಿಷ. ಅದರ ಮರುದಿನ ಆರು. ಸರಸ್ವತಮ್ಮ ಬೇಸರಿಸದೆ ಮತ್ತೆ ಮೊದಲ ಮುದುಕನಿಂದ ಹೊರಟರು.

ಪ್ರಕಾಶ ತಂಗಿಯ ಮದುವೆಗೆಂದು ಊರಿಗೆ ಹೋಗಿದ್ದ. ಫೋನಿನಲ್ಲಿ ಸಿಕ್ಕಾಗ ಹಿಂದೆ ಶಹನಾಯಿಯ ಗದ್ದಲ. ಪ್ರೊಸೆಸರ್ ಚಿಪ್ಪು ವಿಪರೀತ ಕಾಯುತ್ತಿರಬೇಕು, ತಾನು ಬರುವ ತನಕ ಮುಟ್ಟಬೇಡಿ ಎಂದು ಕೂಗಿದ. ಕಾಯುತ್ತಿದೆ ಎಂಬಷ್ಟನ್ನು ಭಟ್ಟರು ಕೇಳಿಸಿಕೊಂಡರು. ಉಳಿದದ್ದು ಅವರ ಸ್ವಭಾವಕ್ಕೆ ಒಗ್ಗಲಿಲ್ಲ.

ಡಬ್ಬದ ಬಾಗಿಲು ಕಳಚಿ ಟೇಬಲ್ ಫ್ಯಾನು ತಿರುಗಿಸಿದರು. ಕಿಟಕಿಗೆ ಒದ್ದೆ ಲಾವಂಚದ ತಟ್ಟಿ ಕಟ್ಟಿದರು. ಪ್ರೊಸೆಸರಿನ ಮೇಲೆ ಕೂತಿದ್ದ ಅಲ್ಯೂಮಿನಿಯಂ ಹಲ್ಲುಗಳ ದಿಮ್ಮಿಯನ್ನು ಮುಟ್ಟಿ ಬೆರಳು ಸುಟ್ಟುಕೊಂಡರು. ನಾಲ್ಕನೆಯ ದಿನ ಆ ದಿಮ್ಮಿಯನ್ನೇ ಎತ್ತಿ ನೋಡಿದರು. ಅಡಿಯಲ್ಲಿ ಚಿಪ್ಪಿನ ಮೇಲೆ ಏನೋ ಬಿಳಿಯ ಲೇಪ, ಒಣಗಿ ಬಿರುಕು ಬಿಟ್ಟಿತ್ತು.

ಭಟ್ಟರ ಮುಖ ಬೆಳಗಿತು. ಇದು ಅವರಿಗೆ ತಿಳಿಯದ ವಿಷಯವೇ? ದಿನಾ ಬೆಳಿಗ್ಗೆ ಸಾಲಿಗ್ರಾಮದ ಮೇಲಿನ ನಿನ್ನೆಯ ಗಂಧ ತೆಗೆದು ಇವತ್ತಿನದು ಹಚ್ಚುವ ಕೈ ಅದು. ವೈಶಾಖದ ಸೆಕೆಗೆ ದೇವರ ಮೈಗೆಲ್ಲ ಗಂಧಲೇಪನ ಮಾಡುವ ಕೈ. ಒಣಗಿದ ನಿರ್ಮಾಲ್ಯವನ್ನು ಹತ್ತಿಯಿಂದ ಒರೆಸಿದರು; ಸಾಣೆಕಲ್ಲಿನ ಮೇಲೆ ಗಂಧ ತೇಯ್ದು, ನುಣ್ಣಗೆ, ತೆಳ್ಳಗೆ ಚಿಪ್ಪಿಗೆ ಹಚ್ಚಿ, ದಿಮ್ಮಿಯನ್ನು ಅದರ ಮೇಲೆ ಕೂರಿಸಿದರು.

ಆ ದಿನ ಯಂತ್ರ ನಲವತ್ತು ನಿಮಿಷ ನಡೆಯಿತು. ಕೋಣೆಯಲ್ಲೆಲ್ಲ ಗರ್ಭಗುಡಿಯ ವಾಸನೆ. ಹೊಸಹಳ್ಳಿಯ ಅರವತ್ತೊಂದು ಹೆಸರುಗಳೂ ಮುಗಿದವು; ಭಟ್ಟರು ವಂಶ ಪೂರ್ಣವಾಯಿತೆಂದು ಕೈಮುಗಿದು ಉಳಿಸಿದರು. ಸರಸ್ವತಮ್ಮ ಎರಡನೆಯ ಊರಿನ ಹೆಸರೆತ್ತುವಷ್ಟರಲ್ಲಿ ಪರದೆ ಕಪ್ಪಾಯಿತು. ಭಟ್ಟರಿಗೆ ಚಿಂತೆಯಿಲ್ಲ. ಗೆದ್ದವರು ಅವರು. ಆ ಸಂಜೆ ಜಂಗಮವಾಡಿಯ ತನಕ ನಡೆದು, ಮಠದ ಬಾಗಿಲಲ್ಲಿ ಕೂತಿದ್ದ ರುದ್ರಯ್ಯನವರಿಗೆ ವಿಜ್ಞಾನಕ್ಕೂ ಶಾಸ್ತ್ರಕ್ಕೂ ಭೇದವಿಲ್ಲವೆಂದು ಒಂದು ಗಂಟೆ ವಿವರಿಸಿ ಬಂದರು.

ಮರುದಿನ ಯಂತ್ರ ಎರಡು ನಿಮಿಷವೂ ನಿಲ್ಲಲಿಲ್ಲ. ಗಂಧ ಒಣಗಿ ಹಪ್ಪಳವಾಗಿತ್ತು. ಮತ್ತೆ ತೇಯ್ದರು, ಮತ್ತೆ ಹಚ್ಚಿದರು. ಪಚ್ಚಕರ್ಪೂರ ಬೆರೆಸಿ ನೋಡಿದರು. ಸರಸ್ವತಮ್ಮ ದಿನವೂ ಸ್ನಾನ ಮುಗಿಸಿ ಮಣೆಯ ಮೇಲೆ ಕೂತು, ಮಗನ ಬೆನ್ನನ್ನು ನೋಡುತ್ತಿದ್ದರು. ಮೂರನೆಯ ದಿನ ಅವರು ಕಾಪಿಯನ್ನು ಬಲಗೈಯಿಂದ ಮುಂದಕ್ಕೆ ತಳ್ಳಿದರು.

“ಬದರಿ, ಇದರಲ್ಲೇ ಬರಕೋಳೋ. ಇವತ್ತು ಎಲ್ಲ ನೆಟ್ಟಗೆ ಬರ್ತಾ ಇದೆ ಬಾಯಿಗೆ.”

“ಎರಡು ದಿನ ತಡಿ ಅಮ್ಮ. ಪ್ರಕಾಶ ಬರ್ತಾನೆ. ಕಾಗದದ ಮೇಲೆ ಯಾಕೆ?”

“ಹಾಗಾದರೆ ಸುಮ್ಮನೆ ಹೇಳ್ತೀನಿ. ನೀನು ಕೇಳಿಸ್ಕೋ.”

“ಹೇಳಿ ಸುಸ್ತು ಮಾಡ್ಕೋಬೇಡ. ಗಂಟಲು ಉಳಿಸ್ಕೋ, ಆಮೇಲೆ ಬೇಕು.”

ಅನಂತಲಕ್ಷ್ಮಿ ಒಳಗಿನಿಂದ ಬಂದು, ಅತ್ತೆಯ ಮುಖ ನೋಡಿ, ಕಾಪಿಯನ್ನು ಎತ್ತಿಟ್ಟಳು. ಸರಸ್ವತಮ್ಮ ತಲೆಯಾಡಿಸಿ ಗಂಟಲು ಉಳಿಸಿಕೊಂಡರು.

ಮರುದಿನ ಬೆಳಿಗ್ಗೆ ತುಳಸಿಗೆ ನೀರೆರೆಯುತ್ತಿದ್ದಲ್ಲೇ ಅವರು ಕುಸಿದರು. ಈ ಸಲದ ಲಕ್ವ ಸಣ್ಣದಾಗಿರಲಿಲ್ಲ. ಐದು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಮನೆಗೆ ಕಳಿಸಿದರು. ಜೀವ ಉಳಿದಿತ್ತು. ಮಾತು ಹೋಗಿತ್ತು.

ಪ್ರಕಾಶ ಬಂದ. ಮದುವೆಯ ಅರಿಶಿನ ಇನ್ನೂ ಉಗುರುಗಳಲ್ಲಿತ್ತು. ವಿಷಯ ಅವನಿಗೆ ಗೊತ್ತಿರಲಿಲ್ಲ. ದಿಮ್ಮಿ ಎತ್ತಿ ನೋಡಿ ನಕ್ಕುಬಿಟ್ಟ.

“ಪಂಡಿತ್‌ಜೀ, ಇದಕ್ಕೆ ತಿಲಕ ಇಟ್ಟವರು ಯಾರು?”

ಯಾರೂ ನಗದಿದ್ದಾಗ ಒಳಕೋಣೆಯ ಕಡೆ ನೋಡಿದ, ತಲೆ ತಗ್ಗಿಸಿದ. ಆಮೇಲೆ ಕೆಲಸಕ್ಕೆ ಕೈಹಾಕಿದ. ಅಲ್ಯೂಮಿನಿಯಂ ಹಲ್ಲುಗಳ ಸಂದುಗಳಲ್ಲಿ ಬೂದಿ ಗಟ್ಟಿಯಾಗಿ ತುಂಬಿತ್ತು. ಗಾಳಿಗೆಂದು ತೆರೆದಿಟ್ಟ ಕಿಟಕಿಯಿಂದ ಘಾಟಿನ ಚಿತೆಗಳ ಬೂದಿ ಹಾರಿಬಂದು ಫ್ಯಾನಿನ ಮೂಲಕ ಒಳಗೆ ಕೂತು ಬಿಸಿಯನ್ನು ಹೊರಹೋಗದಂತೆ ತಡೆದಿತ್ತು. ಹಲ್ಲುಜ್ಜುವ ಬ್ರಷ್ಷಿನಿಂದ ಅದನ್ನು ಕೆರೆದು ತೆಗೆದ. ಗಂಧವನ್ನು ಒರೆಸಿ, ಚಿಪ್ಪಿನ ಬಿಸಿಯನ್ನು ದಿಮ್ಮಿಗೆ ದಾಟಿಸುವ ಬಿಳಿ ಪೇಸ್ಟನ್ನು ಸಾಸಿವೆಯಷ್ಟು ಹಾಕಿದ. ಯಂತ್ರವನ್ನು ಒಳಗೋಡೆಯ ಪಕ್ಕಕ್ಕೆ ಸರಿಸಿದ. ಇಪ್ಪತ್ತು ನಿಮಿಷದ ಕೆಲಸ. ಗಂಟೆಗಟ್ಟಲೆ ಓಡಿದರೂ ದಿಮ್ಮಿ ಬರಿ ಉಗುರುಬೆಚ್ಚಗಿತ್ತು.

ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ, ಗೋಡೆಗೆ ಒರಗಿಸಿ ಕೂರಿಸಿದ್ದ ಸರಸ್ವತಮ್ಮನ ತುಟಿಗಳು ಅಲುಗುವುದನ್ನು ಅನಂತಲಕ್ಷ್ಮಿ ಕಂಡಳು. ರೀ, ಇಲ್ಲಿ ಬನ್ನಿ ಎಂದು ಕರೆದಳು. ಭಟ್ಟರು ಓಡಿಬಂದು ಕಂಪ್ಯೂಟರಿನ ಮುಂದೆ ಕೂತು ಹೊಸಹಳ್ಳಿಯನ್ನು ತೆರೆದರು. ಸ್ವರವಿಲ್ಲ, ಆದರೆ ತುಟಿಗಳ ಏರಿಳಿತ ಅವರಿಗೆ ಗೊತ್ತಿತ್ತು. ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಹೆಸರು ಇಳಿಯುತ್ತ ಬಂದರು. ಎಲ್ಲ ಹೊಂದುತ್ತಿತ್ತು. ಅರವತ್ತು. ಅರವತ್ತೊಂದು. ಬೆರಳು ಬಿಳಿಯ ಜಾಗಕ್ಕೆ ಬಂದು ನಿಂತಿತು.

ತಾಯಿಯ ತುಟಿಗಳು ನಿಲ್ಲಲಿಲ್ಲ. ಎರಡನೆಯ ಊರು ಹೋಯಿತು, ಮೂರನೆಯದು ಹೋಯಿತು. ಗೂಳಿಗೆ ದಾರಿ ಬಿಡದ ಭಟ್ಟರು ಉಸಿರಾಡಿದರೆ ಎಲ್ಲಿ ತಡೆದಂತಾಗುವುದೋ ಎಂಬಂತೆ ಅಲುಗದೆ ಕೂತಿದ್ದರು, ಹನ್ನೊಂದೂ ಊರು ಮುಗಿಯುವ ತನಕ.