ಒಂದು ಬಸ್ಸಿಗೆ ಇಬ್ಬರು

ನನಗೆ ಬಸ್ಸು ಓಡಿಸಲು ಕಲಿಸಿದವನು ನನ್ನ ಅಕ್ಕನ ಗಂಡ. ಕಲಿಸಿದ ಎನ್ನುವುದಕ್ಕಿಂತ ಹೊಡೆದು ತಲೆಗೆ ತುಂಬಿದ ಎಂದರೆ ಸರಿ. ಗೇರು ಕಿರುಗುಟ್ಟಿದರೆ ಬೆರಳ ಗೆಣ್ಣಿನ ಮೇಲೆ ಸ್ಪ್ಯಾನರ್, ಬ್ರೇಕು ತಡವಾದರೆ ಹಿಂದಲೆಗೆ ಅಂಗೈ. ಶೂಳಗಿರಿಯ ಹತ್ತಿರ ಏರಿನಲ್ಲಿ ಒಮ್ಮೆ ಎಂಜಿನ್ ನಿಂತುಹೋದಾಗ ಬಸ್ಸಿನ ಜನರೆಲ್ಲ ನೋಡುತ್ತಿದ್ದಂತೆ ನನ್ನನ್ನು ಕೆಳಗಿಳಿಸಿ ಒದ್ದ. ಸಂಜೆ ಊಟಕ್ಕೆ ಕೂತಾಗ, “ಯಾಕ್ಲಾ ಕುಂಟ್ತೀಯಾ?” ಎಂದು ನಿಜವಾಗಿಯೂ ಗೊತ್ತಿಲ್ಲದವನಂತೆ ಕೇಳಿದ. ಅಕ್ಕನ ವಿಷಯದಲ್ಲೂ ಅಷ್ಟೇ. ರಾತ್ರಿ ತಾನೇ ಹೊಡೆದು, ಬೆಳಿಗ್ಗೆ ಅವಳ ಊದಿದ ಕೆನ್ನೆ ನೋಡಿ ಹಲ್ಲುನೋವಾ ಎಂದು ವಿಚಾರಿಸುವ ಮನುಷ್ಯ. ಅವನ ಏಟಿಗಿಂತ ಅವನ ಮರೆವು ನನ್ನ ಹೊಟ್ಟೆ ಉರಿಸುತ್ತಿತ್ತು.

ಆ ಕಾಲದ ಬಸ್ಸುಗಳಿಗೆ ಮೂತಿಯಲ್ಲಿ ಹ್ಯಾಂಡಲ್ ತೂರಿಸಿ ತಿರುಗಿಸಿದರೇ ಜೀವ ಬರುತ್ತಿದ್ದುದು. ಸ್ಟೇರಿಂಗ್ ಚಕ್ರದ ನಡುವೆ ಒಂದು ಸಣ್ಣ ಲಿವರ್ ಇರುತ್ತಿತ್ತು. ಎಂಜಿನ್ನಿನೊಳಗೆ ಕಿಡಿ ಯಾವಾಗ ಹಾರಬೇಕೆಂದು ಹೇಳುವುದು ಅದೇ. ಬಸ್ಸು ಓಡುವಾಗ ಅದು ಮುಂದಕ್ಕಿರಬೇಕು, ಹ್ಯಾಂಡಲ್ ತಿರುಗಿಸುವಾಗ ಹಿಂದಕ್ಕಿರಬೇಕು. ಮುಂದಕ್ಕಿದ್ದಾಗ ತಿರುಗಿಸಿದರೆ ಎಂಜಿನ್ ಒದೆಯುತ್ತದೆ, ಹ್ಯಾಂಡಲ್ ಉಲ್ಟಾ ಹೊಡೆದು ಕೈ ಮುರಿಯುತ್ತದೆ. ಕಲಿಯುತ್ತಿದ್ದಾಗ ಒಂದು ಸಂಜೆ ನಾನು ಲಿವರ್ ಎಳೆಯದೆ ಇಳಿದುಬಿಟ್ಟಿದ್ದೆ. ಭಾವ ಸೊಂಟದ ಬೆಲ್ಟು ಬಿಚ್ಚಿ ಬೆನ್ನ ತುಂಬ ಬಾಸುಂಡೆ ಎಬ್ಬಿಸಿದ.

“ಬೆಳಿಗ್ಗೆ ತಿರುಗ್ಸೋನು ನಾನು ಕಣ್ಲಾ. ನನ್ ಕೈ ಹೋದ್ರೆ ನಿಮ್ಮಪ್ಪ ತಂದ್ಕೊಡ್ತಾನಾ?”

ತನ್ನ ಬಸ್ಸಿನ ಹ್ಯಾಂಡಲನ್ನು ಅವನು ಯಾವ ಕ್ಲೀನರಿಗೂ ಮುಟ್ಟಲು ಕೊಟ್ಟವನಲ್ಲ. ಆಯುಧಪೂಜೆಯಲ್ಲಿ ಕುಂಕುಮ ಹಚ್ಚಿ, ಮಿಕ್ಕ ದಿನ ಬಟ್ಟೆಯಲ್ಲಿ ಸುತ್ತಿ ಮನೆಗೊಯ್ಯುತ್ತಿದ್ದ.

ಯುದ್ಧ ಬಂತು. ಪೆಟ್ರೋಲು ಅಳತೆಯ ಮೇಲೆ ಸಿಗತೊಡಗಿತು. ಬಸ್ಸುಗಳ ಬೆನ್ನಿಗೆ ಇದ್ದಿಲಿನ ಡ್ರಮ್ಮುಗಳು ಬಂದವು. ಒಂದು ಗುಟುಕು ಪೆಟ್ರೋಲಿನಲ್ಲಿ ಎಂಜಿನ್ ಎಬ್ಬಿಸಿ, ಆಮೇಲೆ ಇದ್ದಿಲಿನ ಗ್ಯಾಸಿಗೆ ಬದಲಾಯಿಸಿ ಓಡಿಸಬೇಕು. ಏರು ಬಂದರೆ ಗಂಡಸರು ಇಳಿದು ತಳ್ಳಬೇಕು. ಬಾಗಲೂರಿನಿಂದ ಹೊಸೂರಿನ ಮೇಲೆ ಕೃಷ್ಣಗಿರಿಗೆ ಹೋಗುವ ನಮ್ಮ ಬಸ್ಸುಗಳಲ್ಲಿ ಅರ್ಧ ಶೆಡ್ಡಿನಲ್ಲೇ ನಿಂತವು. ನಾವು ಮೊದಲಾಳಿ ಎನ್ನುತ್ತಿದ್ದ ಯಜಮಾನರು ಒಂದು ದಿನ ಶೆಡ್ಡಿಗೆ ಬಂದು, ಕೊಡೆ ಊರಿಕೊಂಡು ನಿಂತು ಹೇಳಿದರು: ಅರ್ಧ ಜನ ಪೆಟ್ರೋಲು ಬರುವ ತನಕ ಮನೆಯಲ್ಲಿರಲಿ, ಇಲ್ಲವೇ ಎಲ್ಲರೂ ದಿನ ಬಿಟ್ಟು ದಿನ ಅರ್ಧ ಸಂಬಳಕ್ಕೆ ಓಡಿಸಲಿ; ಯಾವುದಾದರೂ ಸರಿ, ನೀವೇ ತೀರ್ಮಾನಿಸಿ ಹೇಳಿ. ಹೇಳಿ ಹೊರಟುಹೋದರು. ನಾಯಿಗಳ ನಡುವೆ ಒಂದೇ ರೊಟ್ಟಿ ಎಸೆದು ಹೋದ ಹಾಗೆ ಎಂದು ನನಗೆ ಆಗಲೇ ಅನ್ನಿಸಿತ್ತು. ಈಗಲೂ ಹಾಗೇ ಅನ್ನಿಸುತ್ತದೆ.

ಡ್ರೈವರುಗಳಲ್ಲಿ ಭಾವನೇ ಹಿರಿಯ, ನಾನೇ ಎಲ್ಲರಿಗಿಂತ ಹೊಸಬ. ಕಳಿಸುವುದಾದರೆ ಮೊದಲು ಹೋಗುವವನು ನಾನು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಹೆಂಡತಿ ಬಸುರಿ. ಊರಿನ ಹೊಲ ಅಣ್ಣನ ಸಂಸಾರಕ್ಕೇ ಸಾಲದು. ಅರ್ಧ ಕೆಲಸವಾದರೂ ಉಳಿದರೆ ನಾನು ಉಳಿದೆ, ಇಲ್ಲವಾದರೆ ಇಲ್ಲ. ಇದು ಭಾವನಿಗೆ ಚೆನ್ನಾಗಿ ಗೊತ್ತಿತ್ತು. ಅವನೇ ಎದ್ದು ನಿಂತ.

“ಎಲ್ರೂ ಅರ್ಧ ಹೊಟ್ಟೇಲಿ ಸಾಯೋದ್ಯಾಕೆ? ಹಿಂದೆ ಬಂದೋರು ಮನೇಗ್ ಹೋಗ್ಲಿ. ಯುದ್ಧ ಮುಗುದ್ಮೇಲೆ ಕರ್ಸ್ಕೊಂಡ್ರಾಯ್ತು.”

ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವನು ಮಾತು ಮುಗಿಸುವ ಮೊದಲೇ ನಾನು ಅವನ ಶರಟಿನ ಕೊರಳು ಹಿಡಿದಿದ್ದೆ. ಇದ್ದಿಲಿನ ಮೂಟೆಗಳ ಮೇಲೆ ಕೆಡವಿ ಮುಖಕ್ಕೆ ಗುದ್ದಿದೆ. ಅಷ್ಟು ವರ್ಷ ತಿಂದದ್ದನ್ನೆಲ್ಲ ಒಟ್ಟಿಗೆ ಹಿಂತಿರುಗಿಸುವ ಹುಮ್ಮಸ್ಸು. ಅವನೂ ಸುಮ್ಮನಿರುವ ಆಸಾಮಿಯಲ್ಲ. ಮೊಣಕಾಲಿನಿಂದ ನನ್ನ ಹೊಟ್ಟೆಗೆ ತಿವಿದು, ತಲೆಯಿಂದ ಬಾಯಿಗೆ ಡಿಕ್ಕಿ ಹೊಡೆದ. ಒಂದು ಹಲ್ಲು ನಾಲಗೆಯ ಮೇಲೆ ಬಂತು. ಇಬ್ಬರ ಮುಖಕ್ಕೂ ಇದ್ದಿಲು ಮೆತ್ತಿ, ಅದರ ಮೇಲೆ ರಕ್ತ. ಮಿಕ್ಕವರೂ ಎರಡು ಪಾಳಯವಾಗಿ, ಹಿರಿಯರು ಒಂದು ಕಡೆ ಕಿರಿಯರು ಒಂದು ಕಡೆ ನಿಂತು ಬಡಿದಾಡಿಕೊಂಡರು. ಕೊನೆಗೆ ಕೃಷ್ಣಗಿರಿ ಕಡೆಯ ಒಬ್ಬ ಡ್ರೈವರು ರೇಡಿಯೇಟರಿಗೆ ತುಂಬುವ ನೀರಿನ ಬಕೆಟ್ಟನ್ನು ನಮ್ಮಿಬ್ಬರ ಮೇಲೆ ಸುರಿದು, ಖಾಲಿ ಬಕೆಟ್ಟಿನಿಂದ ಭಾವನ ಬೆನ್ನಿಗೂ ನನ್ನ ಬೆನ್ನಿಗೂ ಸಮನಾಗಿ ಬಾರಿಸಿದ.

“ಪಾದಿ ವೇಲೆ, ಪಾದಿ ಸಂಬಳಂ. ಎಲ್ಲಾರುಕ್ಕುಂ,” ಎಂದ. ಅರ್ಧ ಕೆಲಸ, ಅರ್ಧ ಸಂಬಳ, ಎಲ್ಲರಿಗೂ.

ಏದುಸಿರು ಬಿಡುತ್ತ ಕೂತವರಲ್ಲಿ ಯಾರಿಗೂ ಬೇಡವೆನ್ನುವ ಶಕ್ತಿ ಇರಲಿಲ್ಲ. ಒಂದು ಬಸ್ಸಿಗೆ ಇಬ್ಬರು, ಹಿರಿಯನೊಬ್ಬ ಕಿರಿಯನೊಬ್ಬ ಎಂದಾಯಿತು. ಆ ಲೆಕ್ಕದಲ್ಲಿ ಭಾವನ ಬಸ್ಸಿಗೆ ನಾನು ಬಿದ್ದೆ. ಇನ್ನೊಂದು ಕಟ್ಟಳೆಯೂ ಆಯಿತು: ಸಂಜೆ ಬಸ್ಸು ನಿಲ್ಲಿಸಿದವನು ಲಿವರನ್ನು ಹಿಂದಕ್ಕೆಳೆದು ಹ್ಯಾಂಡಲನ್ನು ಶೆಡ್ಡಿನಲ್ಲೇ ಬಿಟ್ಟು ಹೋಗಬೇಕು, ಬೆಳಗಿನವನು ನೇರವಾಗಿ ಹ್ಯಾಂಡಲಿಗೆ ಕೈ ಹಾಕಬಹುದು.

ನನ್ನ ಕೆಲಸ ಉಳಿಯಿತು. ಅರ್ಧವೇ ಇರಲಿ, ಉಳಿಯಿತಲ್ಲ ಎಂದು ಹೆಂಡತಿ ದೇವರಿಗೆ ದೀಪ ಹಚ್ಚಿದಳು. ಭಾವ ಮಾತ್ರ ನನಗೆ ಹ್ಯಾಂಡಲನ್ನು ಕೈಯಲ್ಲಿ ಕೊಟ್ಟದ್ದೇ ಇಲ್ಲ. ಸಂಜೆ ಅವನ ಬಸ್ಸು ಬರುವ ಹೊತ್ತಿಗೆ ನಾನು ಶೆಡ್ಡಿನಲ್ಲಿದ್ದರೆ, ಬಸ್ಸಿನ ಮೆಟ್ಟಿಲ ಮೇಲೆ ನಿಂತು ನನ್ನ ಕಾಲಬುಡಕ್ಕೆ ಎಸೆಯುತ್ತಿದ್ದ. ಒಂದು ಸಲ ಅದು ಮೊಣಕಾಲ ಕೆಳಗಿನ ಮೂಳೆಗೇ ತಾಗಿತು. ನಾನು ಅದನ್ನೆತ್ತಿ ವಾಪಸು ಬೀಸಿದೆ, ಅವನ ಕಿವಿಯ ಪಕ್ಕದಲ್ಲಿ ಹಾದು ತಗಡಿನ ಗೋಡೆಗೆ ಬಡಿಯಿತು. ನಮ್ಮ ನಡುವಿನ ಮಾತುಕತೆ ಎಂದರೆ ಇಷ್ಟೇ.

ಚಳಿಗಾಲದ ಒಂದು ಬೆಳಿಗ್ಗೆ. ಹೊಸೂರಿನ ಮಂಜು ಶೆಡ್ಡಿನೊಳಕ್ಕೂ ನುಗ್ಗಿತ್ತು. ಡ್ರಮ್ಮಿಗೆ ಇದ್ದಿಲು ತುಂಬಿ, ಎಣ್ಣೆಬಟ್ಟೆಯಿಂದ ಬೆಂಕಿ ಹಚ್ಚಿ, ಗಾಳಿ ಊದುವ ಚಕ್ರ ತಿರುಗಿಸಿ ಬೆವರಿದೆ. ಹೊಗೆ ಹದಕ್ಕೆ ಬಂದ ಮೇಲೆ ಮುಂದಕ್ಕೆ ಹೋಗಿ ಹ್ಯಾಂಡಲ್ ತೂರಿಸಿ, ಮೈಯ ಭಾರವೆಲ್ಲ ಹಾಕಿ ಎಳೆದೆ. ಎಂಜಿನ್ ಒದೆಯಿತು. ಬಲಗೈ ಮಣಿಕಟ್ಟಿನ ಮೇಲೆ ಲಟಕ್ಕೆಂದದ್ದು ಮೊದಲು ಕೇಳಿಸಿತು, ನೋವು ಆಮೇಲೆ ಬಂತು. ಕೈ ನೋಡಿದರೆ, ಬಾಗಬಾರದ ಕಡೆ ಬಾಗಿತ್ತು. ಹಾಗೇ ಮೆಟ್ಟಿಲು ಹತ್ತಿ ಒಳಗೆ ನೋಡಿದೆ. ಲಿವರ್ ಪೂರ್ತಿ ಮುಂದಕ್ಕಿತ್ತು.

ಬೆಲ್ಟು ಬಿಚ್ಚಿ ಆ ಪಾಠ ಕಲಿಸಿದವನು ಅದನ್ನು ಮರೆಯಲು ಸಾಧ್ಯವೇ? ಬೇಕೆಂತಲೇ ಬಿಟ್ಟಿದ್ದಾನೆ. ಮುರಿದ ಕೈಗೆ ಟವೆಲು ಸುತ್ತಿ, ಎಡಗೈಯಲ್ಲಿ ಹ್ಯಾಂಡಲ್ ಹಿಡಿದು, ಭಾವನ ಮನೆಯಿದ್ದ ಬಾಗಲೂರಿಗೆ ಹೊರಟಿದ್ದ ಎತ್ತಿನ ಗಾಡಿ ಹತ್ತಿದೆ. ಗಾಡಿ ಹಳ್ಳಕ್ಕಿಳಿದಾಗಲೆಲ್ಲ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಪ್ರತಿ ಸಲ ಕತ್ತಲೆ ಬಂದಾಗಲೂ ಅವನ ತಲೆಯ ಯಾವ ಜಾಗಕ್ಕೆ ಹೊಡೆಯಬೇಕೆಂದು ಯೋಚಿಸಿದೆ. ಕೊಲ್ಲಲೆಂದೇ ಹೋದೆ, ಅದರಲ್ಲಿ ಮುಚ್ಚುಮರೆ ಏನಿಲ್ಲ.

ಭಾವ ಜಗಲಿಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ಅಕ್ಕ ಬಾಗಿಲಲ್ಲಿ ರಾಗಿ ಕೇರುತ್ತಿದ್ದಳು.

“ಬೇಕೂಂತ್ಲೇ ಮಾಡ್ದೆ, ಅಲ್ವಾ ಭಾವ?” ಎಂದು ಕೈ ತೋರಿಸಿದೆ.

ಅವನು ನೋಡಿದ. ಬೀಡಿ ಕೆಳಗೆ ಬಿತ್ತು.

“ಲಿವರು ಎಳೀಲಿಲ್ವಾ ನಾನು?” ಎಂದ. “ಮರ್ತ್ಬುಟ್ಟೆ ಕಣ್ಲಾ. ಇಷ್ಟು ವರ್ಷ ನನ್ ಗಾಡಿ ನಾನೇ ಎಬ್ಬುಸ್ತಿದ್ದೆ. ಬೆಳಿಗ್ಗೆ ಬಂದು ಎಳ್ಕೋತಿದ್ದೆ. ನಾಳೆ ನೀನು ಬತ್ತೀಯಾ ಅನ್ನೋದು ತಲೇಗೇ ಬರ್ಲಿಲ್ಲ.”

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನ್ನ ಮೈ ಉರಿಸಿತು. ಬೇಕೆಂತ ಮಾಡಿದ್ದರೆ ನನ್ನನ್ನು ಒಬ್ಬ ಮನುಷ್ಯ ಎಂದಾದರೂ ಲೆಕ್ಕಕ್ಕಿಟ್ಟ ಹಾಗಾಗುತ್ತಿತ್ತು. ಎಡಗೈ ಎತ್ತಿದೆ. ಅಷ್ಟರಲ್ಲಿ ಅಕ್ಕ ಮೊರ ಕೆಳಗಿಟ್ಟು ಬಂದು, “ಕೊಡಿಲ್ಲಿ,” ಎಂದು ಹ್ಯಾಂಡಲನ್ನು ನನ್ನ ಕೈಯಿಂದ ಬಿಡಿಸಿಕೊಂಡಳು. ಗಂಡನನ್ನು ಕಾಪಾಡಲು ಬಂದಳೆಂದೇ ನಾನು ತಿಳಿದೆ. ಅವನೂ ಹಾಗೇ ತಿಳಿದು ನೆಮ್ಮದಿಯಾಗಿ ಬಲಗೈಯನ್ನು ಜಗಲಿಯ ಕಲ್ಲಿನ ಮೇಲೆ ಊರಿದ. ಅಕ್ಕ ಎರಡೂ ಕೈಯಲ್ಲಿ ಹ್ಯಾಂಡಲನ್ನು ಎತ್ತಿ, ಒನಕೆ ಹಾಕುವ ಹಾಗೆ, ಆ ಕೈಯ ಮೇಲೆ ಹಾಕಿದಳು. ನನ್ನ ಕೈಯಲ್ಲಿ ಬೆಳಿಗ್ಗೆ ಕೇಳಿದ ಸದ್ದೇ ಮತ್ತೆ ಕೇಳಿತು.

“ಇದ್ನೂ ಮರೀತೀರೇನೋ ನೋಡಾನ,” ಎಂದಳು. ದನಿ ಏರಿಸಲಿಲ್ಲ. ಹ್ಯಾಂಡಲನ್ನು ಗೋಡೆಗೆ ಒರಗಿಸಿ, ಮತ್ತೆ ಮೊರ ಎತ್ತಿಕೊಂಡಳು.

ಊರಿನ ಮೂಳೆ ಕಟ್ಟುವ ಮುದುಕ ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ, ಮೊಟ್ಟೆಯ ಬಿಳಿಯಲ್ಲಿ ಕಲಸಿದ ಉದ್ದಿನ ಹಿಟ್ಟು ಬಳಿದು, ಬಿದಿರಿನ ದಬ್ಬೆ ಇಟ್ಟು ಬಿಗಿದ. ಮೊದಲಾಳಿ ಸುದ್ದಿ ಕೇಳಿ, ಕೈ ಸರಿಯಾದ ಮೇಲೆ ನೋಡೋಣ ಎಂದು ಹೇಳಿ ಕಳಿಸಿದರು. ನಮ್ಮಿಬ್ಬರ ಪಾಲಿನ ದಿನಗಳನ್ನು ಮಿಕ್ಕವರು ಹಂಚಿಕೊಂಡರು. ನಮ್ಮನ್ನು ನೋಡಲು ಬಂದವರ ಮುಖದಲ್ಲಿ ಮರುಕವಿತ್ತು, ಅದರ ಹಿಂದೆ ಖುಷಿಯೂ ಇತ್ತು. ನಾನು ಅವರನ್ನು ಬೈಯಲಾರೆ. ಅವರ ಜಾಗದಲ್ಲಿದ್ದಿದ್ದರೆ ನಾನೂ ಒಳಗೊಳಗೇ ನಗುತ್ತಿದ್ದೆ.

ಕಟ್ಟು ಬದಲಾಯಿಸುವ ದಿನಗಳಲ್ಲಿ ನಾನು ಅಕ್ಕನ ಮನೆಯಲ್ಲೇ ಊಟ ಮಾಡಬೇಕಿತ್ತು. ಒಂದು ಮಧ್ಯಾಹ್ನ ಜಗಲಿಯ ಮೇಲೆ ಭಾವನೂ ನಾನೂ ಪಕ್ಕಪಕ್ಕ ಕೂತಿದ್ದೆವು. ನಮ್ಮ ಬಸ್ಸು ಬೇರೆ ಯಾರದೋ ಕೈಯಲ್ಲಿ ಕೆಮ್ಮುತ್ತ ಮನೆಯ ಮುಂದೆಯೇ ಹೋಯಿತು. ಭಾವ ಅದರ ಸದ್ದಿಗೆ ಕಿವಿಗೊಟ್ಟು, “ಅವ್ನು ಲಿವರು ಇನ್ನೂ ಮುಂದಕ್ಕೆ ತಳ್ಬೇಕು,” ಎಂದ.

ಅಕ್ಕ ಬಂದು ಇಬ್ಬರ ಮುಂದೆಯೂ ತಟ್ಟೆ ಇಟ್ಟಳು. ನನ್ನ ಎದುರಿಗೆ ಕೂತು, ಮುದ್ದೆ ಮುರಿದು ಸಾರಿನಲ್ಲಿ ಅದ್ದಿ, ತುತ್ತು ತುತ್ತಾಗಿ ನನ್ನ ಬಾಯಿಗಿಟ್ಟಳು. ಭಾವ ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ತನ್ನ ಸರದಿಗೆ ಕಾಯುತ್ತಿದ್ದ. ಅವನ ಮುದ್ದೆಯ ಮೇಲೆ ನೊಣ ಕೂತಿತು. ನನ್ನ ತಟ್ಟೆ ಖಾಲಿಯಾದಾಗ ಅಕ್ಕ ಎದ್ದು, ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು.

“ನಂಗೆ?” ಎಂದ ಭಾವ.

“ಅಯ್ಯೋ, ಮರ್ತೇಬುಟ್ಟೆ,” ಎಂದು ಒಳಗಿನಿಂದ ಅಕ್ಕ ಹೇಳಿದಳು. ಹೊರಗೆ ಬರಲಿಲ್ಲ.