ನನ್ನ ಕಡ್ಡಿಗಳಿಗೆ ಮಾವನ ತಪಾಸಣೆ

ಗದಗ–ಲಕ್ಷ್ಮೇಶ್ವರ ಬಸ್ಸಿನಲ್ಲಿ ದಿನವಿಡೀ ಅರಚುವ ಕಂಡಕ್ಟರ್ ನಾನು. ಕುತ್ತಿಗೆಯ ಗಂಟು ಕ್ಯಾನ್ಸರ್ ಎಂದು ಗೊತ್ತಾದಾಗಲೂ ನನ್ನ ದನಿ ಉಡುಗಿರಲಿಲ್ಲ. ಡಾಕ್ಟರು ಮುಂದಿನ ಮಾತು ಹೇಳಿದಾಗ ಉಡುಗಿತು.

“ಈ ಔಷಧ ಶುರು ಆದ್ರ ಮುಂದ ಮಕ್ಕಳಾಗೂದು ಗ್ಯಾರಂಟಿ ಇಲ್ಲ. ಮೊದಲ ವೀರ್ಯ ಫ್ರೀಜ್ ಮಾಡಿಸಿ ಇಡ್ರಿ.”

ನನ್ನ ನಿಶ್ಚಿತಾರ್ಥವಾಗಿ ಆಗಿನ್ನೂ ತಿಂಗಳು ತುಂಬಿರಲಿಲ್ಲ. ಮುಚ್ಚಿಟ್ಟು ಮದುವೆಯಾಗುವಷ್ಟು ಲಫಂಗ ನಾನಲ್ಲ. ಮರುದಿನವೇ ರಜೆ ಹಾಕಿ ಹುಡುಗಿಯ ಮನೆಗೆ ಶಿರಹಟ್ಟಿಗೆ ಹೋದೆ. ಸಂಬಂಧ ಮುರಿಯಿತು ಎಂದೇ ದಾರಿಯುದ್ದಕ್ಕೂ ಅಂದುಕೊಂಡೆ.

ಹುಡುಗಿಯ ಅಪ್ಪ, ಅಂದರೆ ನನ್ನ ಭಾವೀ ಮಾವ, ಹಳ್ಳಿಗಳಲ್ಲಿ ಆಕಳು ಎಮ್ಮೆಗಳಿಗೆ ಗಬ್ಬದ ಸೂಜಿ ಮಾಡುವವರು. ಹೋರಿಯ ವೀರ್ಯ ತುಂಬಿದ ಸಣ್ಣ ಕಡ್ಡಿಗಳನ್ನು ಕೊರೆಯುವ ನೈಟ್ರೋಜನ್ ದ್ರವದ ಕ್ಯಾನಿನಲ್ಲಿಟ್ಟು, ಬೈಕಿಗೆ ಕಟ್ಟಿಕೊಂಡು ತಿರುಗುತ್ತಿದ್ದರು. ಕ್ಯಾನ್ಸರ್ ಎಂದಾಗ ಕಣ್ಣು ಮುಚ್ಚಿ ಕುಳಿತವರು, ಫ್ರೀಜ್ ಎಂದೊಡನೆ ನೆಟ್ಟಗಾದರು.

“ಎಷ್ಟು ಕಡ್ಡಿ ಬರ್ತಾವಂತ?”

“ಗೊತ್ತಿಲ್ರಿ ಮಾವಾರ.”

“ಕೇಳಬೇಕಲ್ರಿ ಅಳಿಯಂದ್ರ! ಸೀಟ್ ಎಷ್ಟು ಖಾಲಿ ಅದಾವ ಅಂದ್ರೂ ಹಿಂಗ ಅಂತೀರೇನು?”

“ಮತ್ತ… ಮದುವಿ ಮಾತು?”

“ಅದನ್ನ ಆಕಿನ್ನ ಕೇಳ್ರಿ. ಲ್ಯಾಬಿಂದು ನನ್ನ ಕಡೆ ಬಿಡ್ರಿ.”

ಆಕೆ ಶಾಲೆಯಲ್ಲಿ ಕಲಿಸುವವಳು, ಅಳೆದು ಮಾತಾಡುವವಳು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. “ಆಸ್ಪತ್ರಿಗೆ ನಾನೂ ಬರ್ತೀನಿ” ಎಂದಳು, ಅಷ್ಟೇ. ಅದು ಮದುವೆಗೆ ಹೂಂ ಎಂದೋ, ಕೊನೆಯದಾಗಿ ನೋಡಿ ಹೋಗೋಣವೆಂದೋ, ನನಗಂತೂ ತಿಳಿಯಲಿಲ್ಲ.

ಗದಗಿನ ಆಸ್ಪತ್ರೆಗೆ ನಾನು ಮುಟ್ಟುವ ಮೊದಲೇ ಮಾವ ಮಗಳೊಂದಿಗೆ ಹಾಜರಿದ್ದರು. ಕೈಯಲ್ಲಿ ಕ್ಯಾನಿನೊಳಗಿನ ನೈಟ್ರೋಜನ್ ಅಳೆಯುವ ಕಟ್ಟಿಗೆಯ ಪಟ್ಟಿ! ಲ್ಯಾಬಿನವರು ನನಗೆ ಒಂದು ಡಬ್ಬಿ ಕೊಟ್ಟು ಸಣ್ಣ ಕೋಣೆಗೆ ಕಳಿಸಿದರು. ಬಾಗಿಲಾಚೆ ಮಾವನ ದನಿ ಖಣಖಣ ಕೇಳುತ್ತಿತ್ತು.

“ಕಡ್ಡಿ ಮೊದಲ ನೈಟ್ರೋಜನ್ ಹಬಿಯೊಳಗ ಹಿಡೀತೀರೋ, ಒಮ್ಮೆಲೇ ಮುಳಗಿಸಿಬಿಡ್ತೀರೋ? ಕರಗಿಸೂ ನೀರು ಎಷ್ಟು ಬೆಚ್ಚಗ ಇರ್ತೈತಿ?”

ಯಪ್ಪಾ ಶಿವನೇ! ಹೊರಗೆ ಮಾವ ಹೀಗೆ ನಿಂತಿರುವಾಗ ಯಾವ ಗಂಡಸಿಗೆ ಈ ಕೆಲಸ ಸಾಧ್ಯ? ಖಾಲಿ ಡಬ್ಬಿ ಹಿಡಿದು ಹೊರಬಂದು ಕೈ ಮುಗಿದೆ. “ಮಾವಾರ, ಒಂದೀಟು ಚಾ ಕುಡದು ಬರ್ರಿ.”

ಅವರು ಚಹಾ ಮುಗಿಸಿ ಬರುವಷ್ಟರಲ್ಲಿ ನನ್ನ ಕೆಲಸವೂ ಮುಗಿದಿತ್ತು. ಲ್ಯಾಬಿನ ಮೇಡಂ ಅವರಿಗೆ ಅದೆಷ್ಟು ತಾಳ್ಮೆಯೋ! ತಮ್ಮದೇ ಪಟ್ಟಿಯನ್ನು ಕ್ಯಾನಿನಲ್ಲಿ ಅದ್ದಿ, ಬಿಳಿ ಹಿಮ ಎಲ್ಲಿಯವರೆಗೆ ಹತ್ತಿದೆ ಎಂದು ತೋರಿಸಿದರು. ಮಾವ ಬಗ್ಗಿ ನೋಡಿ, “ಭೇಷ್, ತುಂಬಿ ಇಟ್ಟಾರ” ಎಂದರು.

ಫ್ರೀಜ್ ಮಾಡಿದ್ದರಲ್ಲಿ ಒಂದಿಷ್ಟನ್ನು ಕರಗಿಸಿ, ಜೀವ ಉಳಿದಿದೆಯೋ ಇಲ್ಲವೋ ಪರೀಕ್ಷಿಸುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಅದನ್ನೂ ಮೊದಲು ನೋಡಿದ್ದು ಮಾವನೇ.

“ಅಳಿಯಂದ್ರ, ಓಡಾಡಾಕತ್ತಾವ! ಹತ್ತರಾಗ ಮೂರು!”

ನಾನು ಎದ್ದು ನಿಂತೆ. “ಮೂರ ಏನ್ರಿ?”

“ಮೂರ ಅಂದ್ರೇನು ಕಡಿಮಿನಾ? ಇಷ್ಟರ ಮ್ಯಾಲ ಸೊರಟೂರಾಗ ಎಮ್ಮಿ ಗಬ್ಬ ಆಗ್ಯಾವ್ರಿ!”

ಹೊರಗೆ ಕೂತಿದ್ದ ಮಂದಿಯೆಲ್ಲ ಕುತ್ತಿಗೆ ತಿರುಗಿಸಿದರು. ಹುಡುಗಿ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. ನಕ್ಕಳೋ, ಅತ್ತಳೋ, ಹೆಗಲು ಮಾತ್ರ ಕುಲುಕುತ್ತಿತ್ತು.

ಅಷ್ಟರಲ್ಲಿ ಲ್ಯಾಬಿನವರು ನನ್ನ ಫಾರ್ಮು ವಾಪಸ್ ತಂದರು. ಒಂದು ಕಡೆ ಬರೆಯದೆ ಬಿಟ್ಟಿದ್ದೆ. ಬೇಕೆಂದೇ ಬಿಟ್ಟಿದ್ದೆ. ನಾನು ಸತ್ತರೆ ಈ ಕಡ್ಡಿಗಳನ್ನು ಏನು ಮಾಡಬೇಕು ಎಂದು ಅಲ್ಲಿ ಕೇಳಿದ್ದರು.

“ಇದನ್ನ ಖಾಲಿ ಬಿಡಾಕ ಬರೂದಿಲ್ರಿ” ಎಂದರು.

ಮಾವನನ್ನು ನೋಡಿದೆ. ಅಷ್ಟೊತ್ತು ಬಾಯಿಗೆ ಬಿಡುವು ಕೊಡದ ಮನುಷ್ಯ ಗೋಡೆಯ ಕಡೆ ತಿರುಗಿದ್ದರು. ಹೆದರಿಕೆ, ಖರೆ ಹೇಳುತ್ತೇನೆ, ಆಗ ಬಂತು.

ಹುಡುಗಿ ಎದ್ದು ಬಂದು ಪಕ್ಕದ ಕುರ್ಚಿಯಲ್ಲಿ ಕುಳಿತಳು. ಫಾರ್ಮು ಓದಿದಳು.

“ಚೆಲ್ಲಿಬಿಡ್ರಿ ಅಂತ ಬರೀರಿ” ಎಂದಳು. “ನೀವ ಇಲ್ಲದ ಮ್ಯಾಲ ಇವನ್ನ ತಗೊಂಡು ನಾ ಏನ್ ಮಾಡ್ಲಿ?”